ಮಹಾನಂದಾಳ ನೆರಳು

ನದಿ ನೀರು ಹಂಚಿಕೊಳ್ಳುವ ಮಸೂದೆಯ ಪರವಾಗಿ ಎದುರು ಪಕ್ಷದವರೊಂದಿಗೆ ಕೈಯೆತ್ತಿದ ದಿನವೇ ಶಾಸಕಿ ಮಹಾನಂದಾಳ ನೆರಳಿನಿಂದ ಪಕ್ಷದ ಹಳದಿ ಬಣ್ಣ ಇಳಿದುಹೋಗಿತ್ತು. ಆ ನಾಡಿನಲ್ಲಿ ಎಲ್ಲರ ನೆರಳಿಗೂ ಅವರವರ ಪಕ್ಷದ ಬಣ್ಣ; ಅವಳದು ಮಾತ್ರ ಈಗ ಮರದ ನೆರಳಿನಂತೆ ಬರೀ ಕಪ್ಪು.

ಶಾಸಕರ ಕ್ಯಾಂಟೀನಿನ ಈರಣ್ಣ ಅವಳನ್ನು ಕಂಡು ಹಳದಿ ಲೋಟ ಮುಟ್ಟಿದ, ಎದುರು ಪಕ್ಷದ ಊದಾ ಲೋಟ ಮುಟ್ಟಿದ, ಕಡೆಗೆ ಕಾಗದದ ಲೋಟದಲ್ಲಿ ಚಹಾ ಕೊಟ್ಟ. ಯಾವ ಮೇಜಿನವರೂ ಸರಿದು ಜಾಗ ಕೊಡಲಿಲ್ಲ. ನಿಂತೇ ಕುಡಿದಳು.

ಅಷ್ಟರಲ್ಲಿ ಊರಿನಿಂದ ಅಣ್ಣನ ಫೋನು ಬಂತು.

"ತಂಗಿ, ಕಾಲುವಿಗೆ ನೀರು ಬಂತು! ಎಲ್ಲಾ ನಿನ್ನ ಪುಣ್ಯಾ. ಇಡೀ ಊರು ದಂಡಿಗೆ ನಿಂತೈತಿ."

ಅವಳ ಕಣ್ಣು ತುಂಬಿತು. "ನಾಳೆ ಬರ್ತೀನಿ ಅಣ್ಣಾ. ನಾನೂ ನೋಡಬೇಕು."

ಅಣ್ಣ ದನಿ ತಗ್ಗಿಸಿದ.

"ಬಾರವ್ವಾ, ಯಾರು ಬ್ಯಾಡಂತಾರ? ಆದ್ರ ಬಿಸಿಲಾಗ ಬರಬ್ಯಾಡ. ಹೊತ್ತು ಮುಳುಗಿದ ಮ್ಯಾಲೆ ಬಾ."