ಕೆಂಪಾದ ಅರಿಶಿನ

ಹೊಟ್ಟೆಕಿಚ್ಚು ಪಟ್ಟವರ ಬೆವರು ಸೋಪಿನ ನೀರಿನಂತಾಗಿ ಅರಿಶಿನವನ್ನು ಕೆಂಪಗೆ ಮಾಡತೊಡಗಿದಂದಿನಿಂದ, ಅರಿಶಿನ ಶಾಸ್ತ್ರಕ್ಕೆ ಬಂದವರಿಗೆಲ್ಲ ಬಾಗಿಲಲ್ಲೇ ಕೈಗವಸು ಕೊಡುವುದು ಹುಬ್ಬಳ್ಳಿಯಲ್ಲಿ ವಾಡಿಕೆ. ಶಿವಲೀಲಾ ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡಿದ್ದಳು. ಅವಳನ್ನು ನೋಡಲು ಬಂದಿದ್ದ ವರ, ಅವಳ ತಂಗಿ ದಾನಮ್ಮನನ್ನು ಒಪ್ಪಿಕೊಂಡಿದ್ದ. ಇಂದು ದಾನಮ್ಮನಿಗೆ ಮದುವೆಯ ಅರಿಶಿನ.

“ಅಕ್ಕಾ, ನೀ ಬರಿಗೈಲೆ ಹಚ್ಚು,” ಎಂದಳು ದಾನಮ್ಮ.

“ಮಂದಿ ನೋಡ್ತಾರ.”

“ನೋಡ್ಲಿ. ರಬ್ಬರಿನ ಕೈ ನಂಗ ಬ್ಯಾಡ.”

ಶಿವಲೀಲಾ ಕೈಗವಸು ಕಳಚಿ ತಂಗಿಯ ಕೆನ್ನೆ ಸವರಿದಳು. ಅಂಗೈ, ಕೆನ್ನೆ ಎರಡೂ ಕೆಂಪಾದವು. ಹಾಡುತ್ತಿದ್ದ ಹೆಂಗಸರು ಕತ್ತು ಚಾಚಿ ನೋಡಿದರು.

“ಅಂವ ಇನ್ನೂ ಬೇಕೇನಕ್ಕಾ?” ದಾನಮ್ಮ ಮೆಲ್ಲಗೆ ಕೇಳಿದಳು.

“ಅಂವ ಬ್ಯಾಡ. ಆದ್ರ ನಿನ್ನ ನೋಡಿದ್ರ ಹೊಟ್ಟಿ ಉರೀತೈತಿ.”

ದಾನಮ್ಮ ಅಕ್ಕನ ಕೆಂಪು ಬೆರಳನ್ನು ಹಿಡಿದು, ಕುಂಕುಮದಂತೆ ತನ್ನ ಹಣೆಗೆ ಒತ್ತಿಕೊಂಡಳು.