ನೆಗ್ಗಿಲಿನ ಕಷಾಯ

"ಪ್ರಾಸ್ಟೇಟಿನ ಸೋಂಕಿಗೆ ಕೊಟ್ಟ ಮಾತ್ರೆ ಪೂರ್ತಿ ಮುಗಿಸಿದ್ರಾ?" ಎಂದು ಡಾಕ್ಟರ್ ಫರ್ಝಾನಾ ಕೇಳಿದಾಗ ಯತಿರಾಜ್ ಚಳಿಜ್ವರದಲ್ಲಿ ನಡುಗುತ್ತಲೇ ಹೆಂಡತಿಯ ಮುಖ ನೋಡಿದ.

"ಮುಗಿಸಿದಾರೆ ಡಾಕ್ಟ್ರೇ," ಎಂದಳು ವೇದಾ. "ಆಮೇಲೆ ದಿನಾ ನೆಗ್ಗಿಲು ಮುಳ್ಳಿನ ಕಷಾಯ ಕೊಡ್ತಿದೀನಿ. ಮೈಸೂರಿಂದ ನಮ್ಮ ಚಿಕ್ಕಮ್ಮ ಪುಡಿ ಕಳಿಸಿದ್ರು. ಇವರೂ ಎಷ್ಟೋ ವಾಸಿ ಅಂತಿದ್ರು. ನಿನ್ನೆಯಿಂದ ಮತ್ತೆ ಉರಿ, ಜ್ವರ."

"ಮುಗಿಸಿಲ್ಲ," ಎಂದ ಯತಿರಾಜ್ ನೆಲ ನೋಡುತ್ತ. "ವಾರಕ್ಕೇ ಬಿಟ್ಟೆ. ಉಳಿದಿದ್ದು ಕಾರಲ್ಲಿದೆ."

ಪುಡಿ ಬಂದ ದಿನ ವೇದಾ ಅವನಿಗೆ ಒಂದು ಲೋಟ ಕುಡಿಸಿ, ಎರಡೂ ಒಟ್ಟಿಗೆ ಬೇಡ, ಮಾತ್ರೆ ಮುಗಿಯಲಿ ಎಂದಿದ್ದಳು. ಮರುದಿನವೇ ಅವನು ಮುಗಿಯಿತು ಎಂದಿದ್ದ. "ನನ್ನ ಕಷಾಯದಿಂದಲೇ ಹೀಗಾಯ್ತಾ ಡಾಕ್ಟ್ರೇ? ಇದರಿಂದ ಗುಣ ಆಗುತ್ತೆ ಅನ್ನೋಕೆ ಪುರಾವೆ ಏನೂ ಇಲ್ವಾ?"

ಉಳ್ಳಾಲದಿಂದ ಕತಾರಿಗೆ ಬಂದ ಫರ್ಝಾನಾ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. "ಕಷಾಯದಿಂದ ಅಲ್ಲ ಅಕ್ಕ, ಮಾತ್ರೆ ಬಿಟ್ಟದ್ದರಿಂದ. ಸೋಂಕಿಲ್ಲದೆ ತಿಂಗಳುಗಟ್ಟಲೆ ಪ್ರಾಸ್ಟೇಟ್ ನೋಯುವವರು ಇದ್ದಾರೆ. ಅಂಥವರಿಗೆ ಹೂವಿನ ಪರಾಗದ ಔಷಧಿಯಿಂದ ಸ್ವಲ್ಪ ಆರಾಮ ಸಿಕ್ಕಿದೆ ಅಂತ ಸಣ್ಣ ಸಣ್ಣ ಅಧ್ಯಯನ ಉಂಟು. ನೆಗ್ಗಿಲಿಗೆ ಅಷ್ಟೂ ಗಟ್ಟಿ ಪುರಾವೆ ನಾನು ನೋಡಿಲ್ಲ. ಇವರದ್ದು ಸೋಂಕು. ಅದು ಕಷಾಯಕ್ಕೆ ಬಗ್ಗುವುದಿಲ್ಲ." ಅವರು ಯತಿರಾಜನ ಕಡೆ ತಿರುಗಿದರು. "ನಿಮಗೆ ಅದರಲ್ಲಿ ನಿಜವಾಗಿ ಗುಣ ಕಂಡಿತಾ?"

"ಇಲ್ಲ."

"ಮತ್ತೆ ದಿನಾ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ರಲ್ಲ ರೀ!" ವೇದಾಳಿಗೆ ಅಳು ಬರುವಂತಾಯಿತು.

ಯತಿರಾಜ್ ತಲೆ ಎತ್ತಿ ಹೆಂಡತಿಯನ್ನು ನೋಡಿದ. "ಬೆಳಿಗ್ಗೆ ಕಣ್ಣು ಬಿಡೋಷ್ಟರಲ್ಲಿ ನಿನ್ನ ಸ್ಕೂಲ್ ಬಸ್ಸು ಬಂದಿರುತ್ತೆ. ನಾನು ಟ್ರಾಫಿಕ್ ದಾಟಿ ಮನೆ ಸೇರಿದ್ರೆ ನೀನು ಪೇಪರ್ ತಿದ್ದುತ್ತಿರ್ತೀಯ. ಮೊದಲ ಸಲ ಕಷಾಯ ಕೊಟ್ಟ ದಿನ ಮಾತ್ರ ನೀನು ಲೋಟ ಖಾಲಿಯಾಗೋವರೆಗೂ ಪಕ್ಕದಲ್ಲಿ ಕೂತಿದ್ದೆ. ಕತಾರ್‌ಗೆ ಬಂದ ಮೇಲೆ ನಾವು ಹಾಗೆ ಕೂತಿದ್ದು ಯಾವತ್ತು ಹೇಳು? ಅದಕ್ಕೇ ಮಾತ್ರೆ ಮುಗೀತು ಅಂದೆ. ಗುಣ ಇಲ್ಲ ಅಂದ್ರೆ ಕಷಾಯ ನಿಲ್ಲಿಸಿಬಿಡ್ತೀಯ ಅಂತ..."

ಫರ್ಝಾನಾ ಕಂಪ್ಯೂಟರಿನಲ್ಲಿ ಏನೋ ಹುಡುಕುವವರಂತೆ ಮುಖ ತಿರುಗಿಸಿದರು. ಆಮೇಲೆ, "ಯಲ್ಲಾ, ಏಳಿ ಏಳಿ, ಮೊದಲು ಇಂಜೆಕ್ಷನ್. ಎರಡು ದಿನದಲ್ಲಿ ಜ್ವರ ಇಳಿಯದಿದ್ರೆ ಆಸ್ಪತ್ರೆಗೆ ಸೇರಬೇಕಾಗ್ತದೆ," ಎಂದರು. ಕಾರಿನವರೆಗೂ ವೇದಾ ಗಂಡನನ್ನು ಬೈಯುತ್ತಲೇ ನಡೆದಳು. ಹಿಡಿದ ತೋಳನ್ನು ಮಾತ್ರ ಬಿಡಲಿಲ್ಲ.

ಜ್ವರ ಇಳಿಯಿತು. ಅಲ್ ವುಕೈರ್ ಬಡಾವಣೆಯ ತಮ್ಮ ಫ್ಲಾಟಿನಲ್ಲಿ ವೇದಾ ಈಗ ಸ್ವಲ್ಪ ಬೇಗನೇ ಏಳುತ್ತಾಳೆ. ಒಂದು ದಿನ ಬೆಳಿಗ್ಗೆ ಎಂದಿನಂತೆ ಮಾತ್ರೆಯನ್ನು ಗಂಡನ ಅಂಗೈಗೆ ಹಾಕಿ, ನೀರಿನ ಲೋಟ ಕೊಟ್ಟು ಪಕ್ಕದಲ್ಲಿ ಕೂತಳು. ಒಂದೇ ಗುಟುಕಿಗೆ ಮಾತ್ರೆ ಇಳಿಯಿತು. ಉಳಿದ ನೀರನ್ನು ಯತಿರಾಜ್ ಊದಿ ಊದಿ ಕುಡಿಯತೊಡಗಿದ.

"ತಣ್ಣೀರು ರೀ ಅದು."

"ಹೌದಾ?" ಎಂದ ಅವನು. "ನಂಗೆ ಸುಡ್ತಾ ಇದೆಯಪ್ಪ," ಎಂದು ಇನ್ನೊಮ್ಮೆ ಊದಿದ.