ಮೈನಸ್ ಹದಿನೆಂಟರ ಡಬ್ಬಿ

ಎಲ್ಲರ ಮನೆಯಲ್ಲಿರುವಂತೆ ನಮ್ಮ ಫ್ರೀಜರಿನಲ್ಲೂ ಮಾತಿನ ಡಬ್ಬಿಗಳಿದ್ದವು. ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಮಾತು ಕೆಡುವುದಿಲ್ಲ. ಕರಗಿತೆಂದರೆ ಒಮ್ಮೆ ಕೇಳಿಸಿ ಮುಗಿಯಿತು.

ತೀರಿಹೋದ ನಮ್ಮ ಯಜಮಾನರದು ಒಂದೇ ಡಬ್ಬಿ ಉಳಿದಿತ್ತು. ಅದರಲ್ಲಿ ಯಾವ ಮಾತಿದೆಯೋ ಗೊತ್ತಿರಲಿಲ್ಲ. ಸುಮ್ಮನೆ ಮುಟ್ಟಲೆಂದು ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುತ್ತಿದ್ದೆ.

"ಹಿಂಗ ತಗದ್ರ ಥಂಡಿ ಹೆಂಗ ನಿಲ್ತದ, ಅತ್ತಿ?" ಎಂದು ಸೊಸೆ ಕಸ್ತೂರಿ ಬೈಯುತ್ತಲೇ ಇದ್ದಳು.

ಇವತ್ತು ಮುಟ್ಟಿದರೆ ಡಬ್ಬಿ ಒದ್ದೆ. ಫ್ರೀಜರಿನ ಥರ್ಮಾಮೀಟರಿನ ಮುಳ್ಳು ಸೊನ್ನೆ ದಾಟಿ ಮೇಲೇರಿತ್ತು. ಮುಚ್ಚಳ ಸಡಿಲಾಗಿ ಅವರ ದನಿ ಬಂತು:

"ಮತ್ತ ಫ್ರೀಜರ್ ತಗದು ನಿಂತೀ? ಬಾಗಲಾ ಹಾಕ, ಹುಚ್ಚಿ."

ಹಾಕಿದೆ. ಒಳಗಿದ್ದದ್ದು ಖಾಲಿ ಡಬ್ಬಿ. ಆದರೂ ಮುಳ್ಳು ಮೈನಸ್ ಹದಿನೆಂಟಕ್ಕೆ ಇಳಿಯುವವರೆಗೂ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ.